ಒಂದೇ ಸಂಖ್ಯೆ, ಎರಡು ಕೌಂಟಿ: ಮ್ಯಾಕ್‌ಡವೆಲ್‌ನ ನೂರಿಪ್ಪತ್ತು ವರ್ಷಗಳ ಜನಗಣತಿ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣದ ಅಂಚಿನಲ್ಲಿರುವ ಮ್ಯಾಕ್‌ಡವೆಲ್ ಕೌಂಟಿಯಲ್ಲಿ 1900ರ ಜನಗಣತಿಯ ಹೊತ್ತಿಗೆ 18,747 ಜನರಿದ್ದರು. 2020ರ ಗಣತಿಯಲ್ಲಿ ಅಲ್ಲಿ ಲೆಕ್ಕಕ್ಕೆ ಸಿಕ್ಕವರು 19,111 ಮಂದಿ. ಈ ಎರಡು ಅಂಕಿಗಳನ್ನಷ್ಟೇ ಪಕ್ಕಪಕ್ಕ ಇಟ್ಟು ನೋಡಿದವರಿಗೆ, ನೂರಿಪ್ಪತ್ತು ವರ್ಷಗಳಲ್ಲಿ ಹೆಚ್ಚೇನೂ ಬದಲಾಗದೆ ತನ್ನ ಪಾಡಿಗೆ ತಾನಿದ್ದ ಗುಡ್ಡಗಾಡು ಸೀಮೆಯೊಂದು ಕಣ್ಣಮುಂದೆ ಬಂದೀತು. ಆದರೆ ಇವೆರಡರ ನಡುವೆ 1950ರ ಗಣತಿ ಇದೆ. ಅದರ ಲೆಕ್ಕ 98,887. ಹತ್ತಿರ ಹತ್ತಿರ ಒಂದು ಲಕ್ಷಕ್ಕೆ ಏರಿದ ಜನಸಂಖ್ಯೆ, ಎಪ್ಪತ್ತು ವರ್ಷಗಳಲ್ಲಿ ಐದರಲ್ಲಿ ನಾಲ್ಕು ಪಾಲು ಕರಗಿ, ಹೊರಟ ಜಾಗಕ್ಕೇ ಬಂದು ನಿಂತಿದೆ. 2010ರಿಂದ 2020ರ ನಡುವೆ ಅಮೆರಿಕದ ಮೂರು ಸಾವಿರಕ್ಕೂ ಮಿಕ್ಕ ಕೌಂಟಿಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಜನರನ್ನು ಕಳೆದುಕೊಂಡವು. ಹಳ್ಳಿಗಾಡಿನ ಅಮೆರಿಕ ಬರಿದಾಗುತ್ತಿರುವುದರ ಬಗೆಗೆ ನಡೆಯುವ ಚರ್ಚೆಯಲ್ಲಿ ಮ್ಯಾಕ್‌ಡವೆಲ್ ಹೆಸರು ಮತ್ತೆ ಮತ್ತೆ ಬರುತ್ತದೆ, ಬಹುತೇಕ ಸಲ ತಪ್ಪು ಕಾರಣಕ್ಕೆ. ಆ ಕೌಂಟಿಯ ಜನಸಂಖ್ಯೆ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ದಶಕವಾರು ಅಂಕಿಗಳೇ ಸಾಕಷ್ಟು ಬಿಡಿಸಿ ಹೇಳುತ್ತವೆ. ಅವುಗಳನ್ನು ಸಾವಧಾನವಾಗಿ ಓದಬೇಕಷ್ಟೆ.

ಅಮೆರಿಕದಲ್ಲಿ ಕೌಂಟಿ ಎಂದರೆ ರಾಜ್ಯದ ಕೆಳಗಿನ ಆಡಳಿತ ಘಟಕ; ಅದಕ್ಕೆ ತನ್ನದೇ ಚುನಾಯಿತ ಮಂಡಳಿ, ನ್ಯಾಯಾಲಯ, ಶೆರಿಫ್ ಮತ್ತು ಆಸ್ತಿ ತೆರಿಗೆಯ ಆದಾಯ ಇರುತ್ತದೆ. ಮ್ಯಾಕ್‌ಡವೆಲ್‌ನ ವಿಸ್ತೀರ್ಣ ಸುಮಾರು 535 ಚದರ ಮೈಲಿ, ಅಂದರೆ ಹೆಚ್ಚುಕಡಿಮೆ 1,385 ಚದರ ಕಿಲೋಮೀಟರು. ನಮ್ಮ ದೊಡ್ಡದೊಂದು ತಾಲ್ಲೂಕಿನಷ್ಟು ಎನ್ನಬಹುದು. ಅಪಲೇಚಿಯನ್ ಬೆಟ್ಟಸಾಲಿನ ಈ ಭಾಗದಲ್ಲಿ ಸಮತಟ್ಟಾದ ನೆಲ ಎಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಟಗ್ ಫೋರ್ಕ್ ನದಿ ಮತ್ತು ಅದಕ್ಕೆ ಸೇರುವ ಎಲ್ಕ್‌ಹಾರ್ನ್, ಡ್ರೈ ಫೋರ್ಕ್ ಮೊದಲಾದ ಹೊಳೆಗಳು ಕೊರೆದ ಕಿರಿದಾದ ಕಣಿವೆಗಳಲ್ಲೇ ರೈಲುಹಳಿ, ರಸ್ತೆ, ಮನೆ, ಶಾಲೆ, ಚರ್ಚು ಎಲ್ಲವೂ ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ. ಎರಡು ಗುಡ್ಡಗಳ ನಡುವಿನ ಇಂಥ ಇಕ್ಕಟ್ಟಾದ ಕೊರಕಲನ್ನು ಅಲ್ಲಿನವರು ‘ಹಾಲರ್’ ಎನ್ನುತ್ತಾರೆ. ಮುಂದೆ ಪ್ರವಾಹದ ಮಾತು ಬಂದಾಗ ಈ ಭೂಗೋಳವನ್ನು ನೆನಪಿಟ್ಟುಕೊಂಡಿರಬೇಕು.

ಕೌಂಟಿ ರಚನೆಯಾದದ್ದು 1858ರಲ್ಲಿ. ಆಗ ಅದು ವರ್ಜೀನಿಯಾ ರಾಜ್ಯದ ಭಾಗವಾಗಿತ್ತು, ಟೇಜ್‌ವೆಲ್ ಕೌಂಟಿಯಿಂದ ಅದನ್ನು ಬೇರ್ಪಡಿಸಿ ಹಿಂದಿನ ಗವರ್ನರ್ ಜೇಮ್ಸ್ ಮ್ಯಾಕ್‌ಡವೆಲ್ ಅವರ ಹೆಸರಿಡಲಾಯಿತು. ಅಂತರ್ಯುದ್ಧದ ನಡುವೆ, 1863ರಲ್ಲಿ, ವೆಸ್ಟ್ ವರ್ಜೀನಿಯಾ ಪ್ರತ್ಯೇಕ ರಾಜ್ಯವಾದಾಗ ಮ್ಯಾಕ್‌ಡವೆಲ್ ಅದರೊಳಗೆ ಸೇರಿತು. 1860ರಲ್ಲಿ ಇಲ್ಲಿದ್ದವರು 1,535 ಮಂದಿ, 1880ರಲ್ಲಿ 3,074. ಗುಡ್ಡದ ಇಳಿಜಾರಿನಲ್ಲಿ ಮೆಕ್ಕೆಜೋಳ ಬೆಳೆದು, ಹಂದಿಗಳನ್ನು ಕಾಡಿಗೆ ಮೇಯಲು ಬಿಟ್ಟು, ಬೇಟೆಯಾಡಿ ಬದುಕುತ್ತಿದ್ದ ಈ ಕುಟುಂಬಗಳಿಗೆ ತಮ್ಮ ಕಾಲ ಕೆಳಗಿನ ಕಲ್ಲಿದ್ದಲಿನ ಬೆಲೆ ತಿಳಿಯುವ ಮೊದಲೇ ಫಿಲಡೆಲ್ಫಿಯಾದ ಬಂಡವಾಳಗಾರರಿಗೆ ಅದು ತಿಳಿದಿತ್ತು. ಅವರು ಕಟ್ಟಿದ ಭೂ ಸಂಸ್ಥೆಗಳು ಸಾವಿರಾರು ಎಕರೆ ಭೂಮಿಯನ್ನೂ ಅದರಡಿಯ ಖನಿಜದ ಹಕ್ಕನ್ನೂ ಕೊಂಡುಕೊಂಡವು; ಇಪ್ಪತ್ತನೆಯ ಶತಮಾನ ಆರಂಭವಾಗುವ ಹೊತ್ತಿಗೆ ಆ ಆಸ್ತಿಯ ದೊಡ್ಡ ಪಾಲು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಕೈಸೇರಿತು. ಅಲ್ಲಿಂದ ಮುಂದೆ ಗಣಿ ಕಂಪನಿಗಳು ಬಹುಮಟ್ಟಿಗೆ ಗೇಣಿದಾರರಾಗಿ, ಟನ್ನಿಗಿಷ್ಟು ಎಂದು ರಾಯಧನ ಕಟ್ಟಿ ಕಲ್ಲಿದ್ದಲು ತೆಗೆದವು. ಭೂಮಿಯ ಒಡೆಯರಾಗಲೀ ಗಣಿಯ ಒಡೆಯರಾಗಲೀ ಕೌಂಟಿಯಲ್ಲಿ ವಾಸವಿದ್ದವರಲ್ಲ. ಮುಂದಿನ ಎಲ್ಲ ಏರಿಳಿತಗಳಿಗೂ ಈ ಒಡೆತನದ ಸ್ವರೂಪವೇ ತಳಪಾಯ ಎಂಬುದು ನನ್ನ ಅಭಿಪ್ರಾಯ. ಊರಿನಲ್ಲಿ ಎಷ್ಟು ಜನ ಇರಬೇಕೆಂಬುದನ್ನು ಊರಿನವರು ನಿರ್ಧರಿಸದ ಜಾಗ ಅದು. ಅಲ್ಲಿನ ಜನಸಂಖ್ಯೆ ಬೇರೆಲ್ಲೋ ಇದ್ದ ಕಚೇರಿಯ ಲೆಕ್ಕಪುಸ್ತಕದ ಒಂದು ಬಾಬ್ತಾಗಿತ್ತು.

ರೈಲುಮಾರ್ಗ ಬೆಟ್ಟವನ್ನು ಕೊರೆದು 1880ರ ದಶಕದ ಕೊನೆಯಲ್ಲಿ ಎಲ್ಕ್‌ಹಾರ್ನ್ ಕಣಿವೆಗೆ ಇಳಿಯಿತು. 1892ರಲ್ಲಿ ಅದು ಒಹಾಯೊ ನದಿಯವರೆಗೂ ತಲುಪಿ, ಪೂರ್ವದ ಬಂದರಿಗೂ ಪಶ್ಚಿಮದ ಕಾರ್ಖಾನೆಗಳಿಗೂ ಏಕಕಾಲಕ್ಕೆ ದಾರಿಯಾಯಿತು. ಪೋಕಹಾಂಟಸ್ ನಂಬರ್ 3 ಎಂಬ ಇಲ್ಲಿನ ಪದರದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಗಂಧಕ ಕಡಿಮೆ, ಹೊಗೆಯೂ ಕಡಿಮೆ. ಹೊಗೆ ಕಂಡರೆ ಹಡಗಿನ ಸುಳಿವು ಶತ್ರುವಿಗೆ ಸಿಗುತ್ತದೆಂಬ ಕಾರಣಕ್ಕೆ ಅಮೆರಿಕದ ನೌಕಾಪಡೆ ಇದನ್ನು ಬಯಸಿ ಕೊಳ್ಳುತ್ತಿತ್ತು. ಕುಲುಮೆಗೆ ಬೇಕಾದ ಕೋಕ್ ಎಂಬ ಇಂಧನ ಮಾಡಲು ಇದು ಒಳ್ಳೆಯದೆಂದು ಉಕ್ಕಿನ ಕಂಪನಿಗಳು ಕೊಳ್ಳುತ್ತಿದ್ದವು. ಜನಗಣತಿಯ ಅಂಕಿಗಳು ಆ ಬೇಡಿಕೆಯ ಬೆನ್ನು ಹತ್ತಿದವು. 1890ರಲ್ಲಿ 7,300, 1900ರಲ್ಲಿ 18,747, 1910ರಲ್ಲಿ 47,856, 1920ರಲ್ಲಿ 68,571, 1930ರಲ್ಲಿ 90,479. ಐವತ್ತು ವರ್ಷದಲ್ಲಿ ಮೂವತ್ತು ಪಟ್ಟು ಬೆಳೆದ ಈ ಜನಸಂಖ್ಯೆ ಹೆರಿಗೆಯಿಂದ ಬೆಳೆದದ್ದಲ್ಲ. ಇಟಲಿ, ಹಂಗೆರಿ, ಪೋಲೆಂಡುಗಳಿಂದ ಹಡಗು ಹತ್ತಿ ಬಂದವರು, ವರ್ಜೀನಿಯಾ, ಕ್ಯಾರೊಲಿನಾ, ಅಲಬಾಮಾಗಳ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರು, ಸುತ್ತಲಿನ ಬೆಟ್ಟದೂರುಗಳ ಬಿಳಿಯ ರೈತರ ಮಕ್ಕಳು ಎಲ್ಲರೂ ಒಂದೇ ರೈಲಿನಲ್ಲಿ ಬಂದಿಳಿದರು.

ಕಪ್ಪು ಜನರ ಮಟ್ಟಿಗೆ ಮ್ಯಾಕ್‌ಡವೆಲ್‌ನ ಇತಿಹಾಸ ಅಮೆರಿಕದ ದಕ್ಷಿಣ ರಾಜ್ಯಗಳ ಸಾಮಾನ್ಯ ಕಥೆಗಿಂತ ಬೇರೆಯಾದದ್ದು, ಆದರೂ ಹೊರಗೆ ಅಷ್ಟಾಗಿ ಗೊತ್ತಿಲ್ಲದ್ದು. ವೆಸ್ಟ್ ವರ್ಜೀನಿಯಾದಲ್ಲಿ ಶಾಲೆಗಳು ಪ್ರತ್ಯೇಕವಾಗಿದ್ದವು, ಗಣಿ ಕಂಪನಿಗಳು ಕಾರ್ಮಿಕರಿಗೆಂದು ಕಟ್ಟಿದ ಕ್ಯಾಂಪಿನ ಮನೆಗಳ ಸಾಲುಗಳೂ ಬಣ್ಣದ ಮೇಲೆ ಬೇರೆಯಾಗಿದ್ದವು. ಆದರೆ ಮತದಾನದ ಹಕ್ಕನ್ನು ಯಾರೂ ಕಸಿದಿರಲಿಲ್ಲ, ಗಣಿಯೊಳಗೆ ಟನ್ನಿನ ಲೆಕ್ಕದಲ್ಲಿ ಸಿಗುವ ಕೂಲಿ ಎಲ್ಲರಿಗೂ ಒಂದೇ ಆಗಿತ್ತು. ಕೀಸ್ಟೋನ್ ಊರಿನಲ್ಲಿ ‘ಮ್ಯಾಕ್‌ಡವೆಲ್ ಟೈಮ್ಸ್’ ಪತ್ರಿಕೆ ನಡೆಸುತ್ತಿದ್ದ ಕಪ್ಪು ಸಂಪಾದಕ ಎಂ. ಟಿ. ವಿಟಿಕೊ ತನ್ನ ಕೌಂಟಿಯನ್ನು ‘ಮ್ಯಾಕ್‌ಡವೆಲ್ ಸ್ವತಂತ್ರ ರಾಜ್ಯ’ ಎಂದು ಹೆಮ್ಮೆಯಿಂದ ಕರೆಯುತ್ತಿದ್ದರು. 1928ರಲ್ಲಿ ಗತಿಸಿದ ಪತಿಯ ಸ್ಥಾನಕ್ಕೆ ನೇಮಕಗೊಂಡ ಮಿನ್ನಿ ಬಕಿಂಗ್‌ಹ್ಯಾಮ್ ಹಾರ್ಪರ್, ಅಮೆರಿಕದ ಯಾವುದೇ ರಾಜ್ಯದ ಶಾಸನಸಭೆಯಲ್ಲಿ ಕುಳಿತ ಮೊದಲ ಕಪ್ಪು ಮಹಿಳೆಯಾದರು. ಅವರು ಪ್ರತಿನಿಧಿಸಿದ್ದು ಮ್ಯಾಕ್‌ಡವೆಲ್ ಕೌಂಟಿಯನ್ನು. ಅದೇ ವರ್ಷ ಕಿಂಬಲ್‌ನಲ್ಲಿ ಮೊದಲನೆಯ ಮಹಾಯುದ್ಧದ ಕಪ್ಪು ಸೈನಿಕರಿಗೆಂದು ಕಂಬಸಾಲಿನ ಸ್ಮಾರಕ ಭವನ ತಲೆಯೆತ್ತಿತು.

ಹಾಗೆಂದು ಆ ಕಾಲವನ್ನು ಸುವರ್ಣಯುಗವಾಗಿ ಬಣ್ಣಿಸುವುದು ಸರಿಯಲ್ಲ. ಕಾರ್ಮಿಕನ ಮನೆ ಕಂಪನಿಯದು, ಅಂಗಡಿ ಕಂಪನಿಯದು, ವೈದ್ಯ ಕಂಪನಿಯವನು; ಹಲವೆಡೆ ಸಂಬಳದ ಮುಂಗಡವನ್ನು ಡಾಲರಿನ ಬದಲು ಕಂಪನಿಯೇ ಅಚ್ಚು ಹಾಕಿಸಿದ ‘ಸ್ಕ್ರಿಪ್’ ಎಂಬ ಬಿಲ್ಲೆಗಳಲ್ಲಿ ಕೊಡುತ್ತಿದ್ದರು, ಅವು ನಡೆಯುತ್ತಿದ್ದುದು ಕಂಪನಿಯ ಅಂಗಡಿಯಲ್ಲಿ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಕಾರ್ಮಿಕ ಸಂಘ ಕಟ್ಟಹೊರಟವರಿಗೆ ಬಾಲ್ಡ್‌ವಿನ್-ಫೆಲ್ಟ್ಸ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯ ಬಂದೂಕುಧಾರಿಗಳು ಎದುರಾಗುತ್ತಿದ್ದರು. ಪಕ್ಕದ ಮಿಂಗೊ ಕೌಂಟಿಯ ಮೇಟ್‌ವಾನ್‌ನಲ್ಲಿ ಗಣಿ ಕಾರ್ಮಿಕರ ಪರ ನಿಂತ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್‌ನನ್ನು 1921ರ ಆಗಸ್ಟ್ 1ರಂದು, ಮ್ಯಾಕ್‌ಡವೆಲ್‌ನ ಕೇಂದ್ರವಾದ ವೆಲ್ಚ್‌ನ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ, ಹಾಡಹಗಲೇ ಗುಂಡಿಟ್ಟು ಕೊಂದರು. ಆ ಕೊಲೆಯೇ ಅದೇ ತಿಂಗಳ ಕೊನೆಗೆ ಸಾವಿರಾರು ಕಾರ್ಮಿಕರು ಬಂದೂಕು ಹಿಡಿದು ಬ್ಲೇರ್ ಪರ್ವತದತ್ತ ನಡೆಯಲು ಕಿಡಿಯಾಯಿತು. ಗಣಿಯೊಳಗಿನ ಸಾವಿಗಂತೂ ಕೊನೆಯಿರಲಿಲ್ಲ. 1940ರ ಜನವರಿ 10ರಂದು ಬಾರ್ಟ್ಲಿ ಗಣಿಯ ಸ್ಫೋಟವೊಂದರಲ್ಲೇ 91 ಜನ ಸತ್ತರು.

ಇಷ್ಟಿದ್ದರೂ ಹಣ ಹರಿಯುತ್ತಿತ್ತು. ವೆಲ್ಚ್ ಪೇಟೆಯ ಕಿರಿದಾದ ಬೀದಿಗಳಲ್ಲಿ ಶನಿವಾರ ಸಂಜೆ ಕಾರು ನಿಲ್ಲಿಸಲು ಜಾಗ ಸಿಗದ ಸ್ಥಿತಿ ಬಂದು, 1941ರಲ್ಲಿ ನಗರಸಭೆಯೇ ಬಹುಮಹಡಿ ಪಾರ್ಕಿಂಗ್ ಕಟ್ಟಡ ಕಟ್ಟಿತು. ಸ್ಥಳೀಯ ಸಂಸ್ಥೆಯೊಂದು ತಾನೇ ಕಟ್ಟಿ ನಡೆಸಿದ ಇಂಥ ಕಟ್ಟಡಗಳಲ್ಲಿ ಅಮೆರಿಕಕ್ಕೇ ಇದು ಮೊದಲನೆಯದೆಂದು ಊರು ಹೇಳಿಕೊಳ್ಳುತ್ತದೆ. ಗುಡ್ಡಗಳ ನಡುವಿನ ಊರಿಗೆ ಕಾರು ನಿಲ್ಲಿಸಲು ಮಹಡಿ ಕಟ್ಟಡ ಬೇಕಾಯಿತು ಎನ್ನುವುದಕ್ಕಿಂತ ಒಳ್ಳೆಯ ಆರ್ಥಿಕ ಸೂಚ್ಯಂಕ ಆ ದಶಕಕ್ಕೆ ಸಿಗಲಾರದು.

ಕುಸಿತ ಆರಂಭವಾದದ್ದು ಕಲ್ಲಿದ್ದಲು ಮುಗಿದಾಗ ಅಲ್ಲ, ಅದನ್ನು ಕಡಿಮೆ ಜನರಿಂದ ತೆಗೆಯಬಹುದೆಂದು ತಿಳಿದಾಗ. 1940ರ ದಶಕದ ಕೊನೆಗೆ ಬಂದ ‘ಕಂಟಿನ್ಯೂಯಸ್ ಮೈನರ್’ ಎಂಬ ಯಂತ್ರ, ಹಲ್ಲುಗಳುಳ್ಳ ತಿರುಗುವ ತಲೆಯಿಂದ ಕಲ್ಲಿದ್ದಲನ್ನು ಕೆರೆದು ತಾನೇ ಹಿಂದಕ್ಕೆ ಸಾಗಿಸುತ್ತಿತ್ತು. ರಂಧ್ರ ಕೊರೆಯುವವರು, ಸಿಡಿಮದ್ದು ಇಡುವವರು, ಸಲಿಕೆಯಿಂದ ತುಂಬುವವರು ಎಲ್ಲರ ಕೆಲಸವನ್ನೂ ಅದು ಒಟ್ಟಿಗೆ ನುಂಗಿತು. 1950ರಲ್ಲಿ ಕಾರ್ಮಿಕ ಸಂಘದ ಅಧ್ಯಕ್ಷ ಜಾನ್ ಎಲ್. ಲೂಯಿಸ್ ಗಣಿ ಮಾಲೀಕರೊಂದಿಗೆ ಮಾಡಿಕೊಂಡ ರಾಷ್ಟ್ರೀಯ ಒಪ್ಪಂದದ ತಿರುಳೂ ಇದೇ. ಯಂತ್ರಗಳಿಗೆ ಸಂಘ ಅಡ್ಡಿಪಡಿಸುವುದಿಲ್ಲ. ಉಳಿದವರಿಗೆ ಒಳ್ಳೆಯ ಕೂಲಿ, ಟನ್ನಿನ ಲೆಕ್ಕದಲ್ಲಿ ಕ್ಷೇಮನಿಧಿಗೆ ಹಣ, ಪಿಂಚಣಿ, ಆಸ್ಪತ್ರೆ. ಲೂಯಿಸ್ ಅವರ ತರ್ಕ ಕ್ರೂರವಾಗಿತ್ತೆಂದು ಹೇಳುವುದು ಸುಲಭ. ಆದರೆ ರೈಲ್ವೆಗಳು ಡೀಸೆಲ್ಲಿಗೆ, ಮನೆಗಳು ಎಣ್ಣೆ ಮತ್ತು ಅನಿಲಕ್ಕೆ ತಿರುಗುತ್ತಿದ್ದ ಕಾಲದಲ್ಲಿ ಕಲ್ಲಿದ್ದಲು ಅಗ್ಗವಾಗದೆ ಉಳಿಯಲಾರದೆಂಬ ಅವರ ಲೆಕ್ಕ ತಪ್ಪಾಗಿರಲಿಲ್ಲ. ಒಪ್ಪಂದದಲ್ಲಿ ಇಲ್ಲದ್ದು ಒಂದೇ: ಕೆಲಸ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ. ದೇಶದಾದ್ಯಂತ ಈ ಬಗೆಯ ಕಲ್ಲಿದ್ದಲು ಗಣಿಗಳಲ್ಲಿ 1950ರಲ್ಲಿ ಸುಮಾರು 4.15 ಲಕ್ಷ ಇದ್ದ ಕಾರ್ಮಿಕರು 1960ಕ್ಕೆ 1.7 ಲಕ್ಷದ ಆಸುಪಾಸಿಗೆ ಇಳಿದರು. ಮ್ಯಾಕ್‌ಡವೆಲ್ ಅದೇ ಹತ್ತು ವರ್ಷಗಳಲ್ಲಿ 27,528 ಜನರನ್ನು ಕಳೆದುಕೊಂಡು 71,359ಕ್ಕೆ ಬಂತು. ಮುಂದಿನ ಹತ್ತು ವರ್ಷಗಳಲ್ಲಿ ಇನ್ನೂ ಇಪ್ಪತ್ತು ಸಾವಿರ ಹೋಗಿ 50,666 ಉಳಿಯಿತು.

1960ರ ಮೇ ತಿಂಗಳಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ನಡೆದ ಪ್ರಾಥಮಿಕ ಚುನಾವಣೆಗೆಂದು ವೆಸ್ಟ್ ವರ್ಜೀನಿಯಾ ಸುತ್ತಿದ ಜಾನ್ ಎಫ್. ಕೆನಡಿ ಕಂಡದ್ದು ಈ ವಿಪರ್ಯಾಸವನ್ನೇ: ಕಲ್ಲಿದ್ದಲಿನ ಉತ್ಪಾದನೆ ಭರ್ಜರಿಯಾಗಿದ್ದ ಕೌಂಟಿಯಲ್ಲೇ ಸರ್ಕಾರದ ಹೆಚ್ಚುವರಿ ಧಾನ್ಯದ ಪೊಟ್ಟಣಕ್ಕೆ ಸಾಲು ನಿಂತ ಜನ. ಅಧ್ಯಕ್ಷರಾದ ಮೇಲೆ ಅವರು ಹೊರಡಿಸಿದ ಮೊದಲ ಕಾರ್ಯಾದೇಶ ಬಡವರಿಗೆ ಆಹಾರ ವಿತರಣೆಯನ್ನು ಹೆಚ್ಚಿಸುವುದಾಗಿತ್ತು. 1961ರ ಮೇ 29ರಂದು, ಪ್ರಾಯೋಗಿಕ ಫುಡ್ ಸ್ಟ್ಯಾಂಪ್ ಯೋಜನೆಯ ಮೊದಲ ಕೂಪನುಗಳು ಮ್ಯಾಕ್‌ಡವೆಲ್‌ನ ಪೇನ್ಸ್‌ವಿಲ್‌ನ ಒಂದು ಕುಟುಂಬಕ್ಕೆ ಸಿಕ್ಕವು. ಮನೆಯಲ್ಲಿ 15 ಜನ. ಕೂಪನುಗಳ ಮೊತ್ತ 95 ಡಾಲರು. ಅವುಗಳಿಂದ ಅಂಗಡಿಯಲ್ಲಿ ಮೊದಲು ಕೊಂಡದ್ದು ಹಂದಿಮಾಂಸ ಬೆರೆಸಿದ ಬೀನ್ಸ್ ಕಾಳಿನ ಒಂದು ಡಬ್ಬಿ. ಇಂದು ಕೋಟ್ಯಂತರ ಅಮೆರಿಕನ್ನರ ಊಟಕ್ಕೆ ಆಸರೆಯಾಗಿರುವ, ಈಗ ‘ಸ್ನ್ಯಾಪ್’ ಎಂಬ ಹೆಸರಿನ ಯೋಜನೆ ಆ ಡಬ್ಬಿಯಿಂದ ಶುರುವಾಯಿತು.

ಕೌಂಟಿಯ ಕುಸಿತಕ್ಕೆ ಸಾರ್ವಜನಿಕ ಚರ್ಚೆಯಲ್ಲಿ ಹೆಚ್ಚಾಗಿ ಕೇಳಿಬರುವ ಎರಡು ವಿವರಣೆಗಳನ್ನು ಇಲ್ಲೇ ಪರೀಕ್ಷಿಸಬಹುದು. ಪರಿಸರ ಕಾನೂನುಗಳೇ ಕಲ್ಲಿದ್ದಲನ್ನು ಕೊಂದವು, ಆದ್ದರಿಂದ ಜನ ಹೋದರು ಎಂಬುದು ಒಂದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿದ್ದು 1970ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಮ್ಯಾಕ್‌ಡವೆಲ್ ತನ್ನ ಜನರಲ್ಲಿ ಅರ್ಧದಷ್ಟನ್ನು ಕಳೆದುಕೊಂಡಾಗಿತ್ತು. ಸರ್ಕಾರದ ಪುಕ್ಕಟೆ ನೆರವು ಜನರನ್ನು ಸೋಮಾರಿಗಳನ್ನಾಗಿಸಿತು ಎಂಬುದು ಇನ್ನೊಂದು. ಮೊದಲ ಕೂಪನು ಬಂದದ್ದು ಕುಸಿತ ಆರಂಭವಾಗಿ ಹನ್ನೊಂದು ವರ್ಷದ ನಂತರ; ಅಲ್ಲದೆ ಕೆಲಸಕ್ಕಾಗಿ ಊರು ಬಿಡದವರ ಕೌಂಟಿಯಲ್ಲಿ ಐದರಲ್ಲಿ ನಾಲ್ವರು ಕಾಣೆಯಾಗುವುದಿಲ್ಲ. ‘ಅಲ್ಲಿ ಕೆಲಸವಿಲ್ಲದಿದ್ದರೆ ಬೇರೆಡೆಗೆ ಹೋಗಬಾರದೇ’ ಎಂದು ಕೇಳುವವರು ಈ ಅಂಕಿಯನ್ನು ನೋಡಿಲ್ಲವೆಂದೇ ತಿಳಿಯಬೇಕು. ಹೋದರು, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್‌ಗಳ ಕಾರ್ಖಾನೆಗಳಿಗೂ, ಹೆದ್ದಾರಿ 52 ಹಿಡಿದು ನಾರ್ತ್ ಕ್ಯಾರೊಲಿನಾಕ್ಕೂ ಹೋದರು. ಎಲ್ಲರಿಗಿಂತ ಮೊದಲು ಹೋಗಬೇಕಾದವರಲ್ಲಿ ಕಪ್ಪು ಕಾರ್ಮಿಕರು ಹೆಚ್ಚು. ಯಂತ್ರ ಕಿತ್ತುಕೊಂಡದ್ದು ಅವರನ್ನು ಇರಿಸಿದ್ದ, ಕೈಯಿಂದ ತುಂಬುವ ಕೆಲಸಗಳನ್ನೇ. 1950ರಲ್ಲಿ ಕೌಂಟಿಯ ಕಾಲುಭಾಗದಷ್ಟಿದ್ದ ಕಪ್ಪು ಜನರ ಪಾಲು ಇಂದು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ.

1970ರ ದಶಕ ಮಾತ್ರ ಬೇರೆ ಮಾತು ಹೇಳುತ್ತದೆ. 1973ರ ತೈಲ ಬಿಕ್ಕಟ್ಟಿನಿಂದ ಕಲ್ಲಿದ್ದಲಿಗೆ ಬೆಲೆ ಬಂದು, ಕೌಂಟಿಯ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಎಂಟುನೂರೂ ಕುಗ್ಗದೆ 49,899ರಲ್ಲಿ ನಿಂತಿತು. ಕೆಲಸ ಇದ್ದರೆ ಈ ಜನ ಊರು ಬಿಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ಆಮೇಲೆ ಅಮೆರಿಕದ ಉಕ್ಕು ಉದ್ಯಮ ನೆಲಕಚ್ಚಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯು.ಎಸ್. ಸ್ಟೀಲ್ ತನ್ನ ಮುಖ್ಯಸ್ಥ ಎಲ್ಬರ್ಟ್ ಗ್ಯಾರಿಯ ಹೆಸರಿನಲ್ಲಿ ಕಟ್ಟಿದ್ದ ಗ್ಯಾರಿ ಊರಿನ ಗಣಿಗಳು 1980ರ ದಶಕದ ನಡುವೆ ಮುಚ್ಚಿದವು. 1990ರ ಗಣತಿಯಲ್ಲಿ 35,233, 2000ದಲ್ಲಿ 27,329, 2010ರಲ್ಲಿ 22,113. ಓದಿದವರು ಹಿಂತಿರುಗಲಿಲ್ಲ. ಕೋಲ್‌ವುಡ್ ಎಂಬ ಗಣಿ ಊರಿನಲ್ಲಿ 1957ರಲ್ಲಿ ಸ್ಪುಟ್ನಿಕ್ ಉಪಗ್ರಹ ಆಕಾಶದಲ್ಲಿ ಹಾದುಹೋಗುವುದನ್ನು ಕಂಡು ರಾಕೆಟ್ ಕಟ್ಟಲು ಹೊರಟ ಹುಡುಗ ಹೋಮರ್ ಹಿಕಮ್ ಮುಂದೆ ನಾಸಾದ ಎಂಜಿನಿಯರಾದರು. ಅವರು ಓದಿದ ಬಿಗ್ ಕ್ರೀಕ್ ಹೈಸ್ಕೂಲು 2010ರಲ್ಲಿ ಮುಚ್ಚಿತು. ಇಡೀ ಕೌಂಟಿಗೆ ಈಗ ಎರಡು ಹೈಸ್ಕೂಲುಗಳಿವೆ.

ಈಗ ಮೊದಲಿನ ಎರಡು ಸಂಖ್ಯೆಗಳಿಗೆ ಬರೋಣ. 1900ರ 18,747 ಜನರಲ್ಲಿ ಹೆಚ್ಚಿನವರು ಆಗತಾನೇ ಬಂದ ಯುವಕರು, ಹೊಸದಾಗಿ ಸಂಸಾರ ಹೂಡಿದವರು. 2020ರ 19,111ರಲ್ಲಿ ವಯಸ್ಸಾದವರ ಪಾಲು ದೊಡ್ಡದು. ಹುಟ್ಟುವವರಿಗಿಂತ ಸಾಯುವವರು ಹೆಚ್ಚು. ಅಂದರೆ ಇನ್ನು ಮುಂದೆ ಯಾರೊಬ್ಬರೂ ಊರು ಬಿಡದಿದ್ದರೂ ಸಂಖ್ಯೆ ಇಳಿಯುತ್ತಲೇ ಇರುತ್ತದೆ. ಒಂದು ದಶಕದ ಹಿಂದಿನ ಲೆಕ್ಕದಲ್ಲಿ ಇಲ್ಲಿನ ಗಂಡಸರ ಸರಾಸರಿ ಆಯುಷ್ಯ ಸುಮಾರು 64 ವರ್ಷ. ಇಡೀ ದೇಶದ ಅತ್ಯಂತ ಕೆಳಗಿನ ಅಂಕಿಗಳಲ್ಲಿ ಅದೊಂದು. ಗಣಿಯ ದೂಳು ತುಂಬಿದ ಶ್ವಾಸಕೋಶ, ಸಕ್ಕರೆ ಕಾಯಿಲೆ, ಹೃದ್ರೋಗಗಳ ಜೊತೆಗೆ ನೋವಿನ ಮಾತ್ರೆಗಳ ಚಟ ಸೇರಿಕೊಂಡಿತು. ಬೆನ್ನು ಮುರಿಯುವ ಕೆಲಸ ಮಾಡಿದವರ ಸೀಮೆಯಲ್ಲಿ ನೋವು ನಿವಾರಕಗಳಿಗೆ ಗಿರಾಕಿಗಳನ್ನು ಹುಡುಕಬೇಕಾಗಿರಲಿಲ್ಲ. ಮಿತಿಮೀರಿದ ಮಾದಕ ಸೇವನೆಯಿಂದ ಸಾಯುವವರ ಪ್ರಮಾಣದಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿದ್ದ ವೆಸ್ಟ್ ವರ್ಜೀನಿಯಾದೊಳಗೇ ಮ್ಯಾಕ್‌ಡವೆಲ್ ಮುಂಚೂಣಿಯಲ್ಲಿತ್ತು. ತಂದೆತಾಯಿ ಸತ್ತ, ಇಲ್ಲವೇ ಜೈಲು ಸೇರಿದ ಮಕ್ಕಳನ್ನು ಅಜ್ಜ ಅಜ್ಜಿಯರು ಸಾಕುವುದು ಇಲ್ಲಿ ಅಪರೂಪವಲ್ಲ.

ಜೈಲಿನ ಮಾತು ಬಂದದ್ದರಿಂದ ಇನ್ನೊಂದು ಅಂಶವನ್ನೂ ಹೇಳಬೇಕು. ಜನಸಂಖ್ಯೆಯ ಪಟ್ಟಿಗಳನ್ನು ಮೇಲುಮೇಲಕ್ಕೆ ಓದುವವರ ಕಣ್ಣಿಗೆ ಇದು ಬೀಳುವುದಿಲ್ಲ. ಅಮೆರಿಕದ ಜನಗಣತಿ ಕೈದಿಗಳನ್ನು ಅವರ ಸ್ವಂತ ಊರಿನಲ್ಲಿ ಲೆಕ್ಕ ಹಾಕುವುದಿಲ್ಲ, ಜೈಲಿರುವ ಊರಿನಲ್ಲಿ ಹಾಕುತ್ತದೆ. ವೆಲ್ಚ್ ಬಳಿ 2010ರ ಸುಮಾರಿಗೆ ತೆರೆದ ಕೇಂದ್ರ ಸರ್ಕಾರದ ಕಾರಾಗೃಹವನ್ನು ಸಾವಿರಕ್ಕೂ ಹೆಚ್ಚು ಕೈದಿಗಳಿಗೆಂದು ಕಟ್ಟಲಾಗಿದೆ; ಊರೊಳಗೆ ಹಳೆಯ ಆಸ್ಪತ್ರೆಯೊಂದೂ ಸೆರೆಮನೆಯಾಗಿ ಬದಲಾಗಿದೆ. ಗಣಿ ಹೋದಲ್ಲಿ ಕೆಲಸ ತರುತ್ತದೆಂದು ಜೈಲನ್ನು ಸ್ವಾಗತಿಸಿದ ಹಳ್ಳಿಗಾಡು ಕೌಂಟಿಗಳು ಅಮೆರಿಕದಲ್ಲಿ ಹಲವಾರಿವೆ. ಹೀಗಾಗಿ 19,111 ಎಂಬ ಸಂಖ್ಯೆಯಲ್ಲಿ, ಬಿಡುಗಡೆಯ ದಿನವೇ ಅಲ್ಲಿಂದ ಹೊರಡುವವರೂ ಸೇರಿದ್ದಾರೆ. ಅವರನ್ನು ಕಳೆದರೆ ಕೌಂಟಿಯ ನಿಜವಾದ ವಾಸಿಗಳ ಲೆಕ್ಕ ಗಣತಿಯ ದಿನವೇ 1900ರ ಮಟ್ಟಕ್ಕಿಂತ ಕೆಳಗಿತ್ತು. ಆಮೇಲಿನ ವಾರ್ಷಿಕ ಅಂದಾಜುಗಳಂತೂ ಕೈದಿಗಳನ್ನು ಸೇರಿಸಿಕೊಂಡೇ 18 ಸಾವಿರಕ್ಕಿಂತ ಕೆಳಗಿಳಿದಿವೆ.

ಜನ ಹೋದರೂ ಅವರಿಗಾಗಿ ಹಾಕಿದ ಕೊಳವೆ, ರಸ್ತೆ, ಸೇತುವೆ ಹೋಗುವುದಿಲ್ಲ. ಲಕ್ಷ ಜನ ಹಂಚಿಕೊಳ್ಳುತ್ತಿದ್ದ ಖರ್ಚನ್ನು ಹದಿನೆಂಟು ಸಾವಿರ ಜನ ಹೊರಬೇಕಾದಾಗ ಏನಾಗುತ್ತದೆಂಬುದನ್ನು ನಲ್ಲಿ ತಿರುಗಿಸಿದರೆ ತಿಳಿಯುತ್ತದೆ. ಕ್ಯಾಂಪುಗಳ ನೀರಿನ ವ್ಯವಸ್ಥೆಯನ್ನು ಕಂಪನಿಗಳು ತಮಗೆ ಬೇಕಾದಾಗ ಕಟ್ಟಿ, ಬೇಡವಾದಾಗ ಬಿಟ್ಟುಹೋದವು. ಹಲವೆಡೆ ನೆಲದಡಿಯಲ್ಲಿರುವುದು ಇಂದಿಗೂ ಅದೇ ಕಾಲದ ಕೊಳವೆ. ಕೀಸ್ಟೋನ್‌ನಲ್ಲಿ ನೀರನ್ನು ಕುದಿಸದೆ ಕುಡಿಯಬಾರದೆಂಬ ಅಧಿಕೃತ ಸೂಚನೆ ಸುಮಾರು ಒಂದು ದಶಕ ಜಾರಿಯಲ್ಲಿತ್ತು. ರಸ್ತೆ ಬದಿಯಲ್ಲಿ ಗುಡ್ಡದ ಬಂಡೆಯಿಂದ ಹೊರಚಾಚಿದ ಪೈಪಿನ ಕೆಳಗೆ ಜನ ಪ್ಲಾಸ್ಟಿಕ್ ಕ್ಯಾನುಗಳನ್ನು ಸಾಲಾಗಿಟ್ಟು ಒರತೆಯ ನೀರು ತುಂಬಿಸಿಕೊಳ್ಳುವ ನೋಟ ಜಗತ್ತಿನ ಅತ್ಯಂತ ಶ್ರೀಮಂತ ದೇಶದ್ದೆಂದು ನಂಬುವುದು ಕಷ್ಟ. ಆ ನೀರನ್ನು ಯಾರೂ ಪರೀಕ್ಷಿಸಿ ಕೊಡುವುದಿಲ್ಲ. ಆದರೂ ತಮ್ಮ ನಲ್ಲಿಗಿಂತ ಅದನ್ನೇ ನಂಬುವವರಿದ್ದಾರೆ. ಕಿಂಬಲ್‌ನಲ್ಲಿದ್ದ ವಾಲ್‌ಮಾರ್ಟ್ 2016ರ ಆರಂಭದಲ್ಲಿ ಬಾಗಿಲು ಹಾಕಿದಾಗ, ದೊಡ್ಡ ಅಂಗಡಿಯಷ್ಟೇ ಅಲ್ಲ, ಕೌಂಟಿಯ ಪ್ರಮುಖ ಉದ್ಯೋಗದಾತರಲ್ಲೊಂದು ಮತ್ತು ಅದರ ತೆರಿಗೆಯ ಹಣವೂ ಹೋಯಿತು.

ಪ್ರವಾಹದ ಕಥೆಯೂ ಒಡೆತನದ ಕಥೆಯೇ. 2001ರ ಜುಲೈ, 2002ರ ಮೇ, ಹೀಗೆ ಹತ್ತು ತಿಂಗಳೊಳಗೆ ಎರಡು ಸಲ ಟಗ್ ಫೋರ್ಕ್ ಕಣಿವೆ ಮುಳುಗಿತು. 2025ರ ಫೆಬ್ರವರಿ 15ರ ಮಳೆಗೆ ಕೌಂಟಿಯಲ್ಲಿ ಮೂವರು ಸತ್ತರು. ರಸ್ತೆಗಳು ಕೊಚ್ಚಿಹೋದವು, ನೀರಿನ ವ್ಯವಸ್ಥೆ ಇನ್ನೊಮ್ಮೆ ಹಾಳಾಯಿತು. ಇಷ್ಟು ಖಾಲಿಯಾದ ಕೌಂಟಿಯಲ್ಲಿ ಜನ ಹೊಳೆಯ ಅಂಚಿನಿಂದ ಎತ್ತರದ ಜಾಗಕ್ಕೆ ಏಕೆ ಹೋಗುವುದಿಲ್ಲ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಕಂಪನಿಗಳು ಒಂದೇ ನಕ್ಷೆಯ ಮನೆಗಳನ್ನು ಸಾಲಾಗಿ ಕಟ್ಟಿದ್ದು ಹಳಿಯ ಪಕ್ಕ, ಅಂದರೆ ಹೊಳೆಯ ಪಕ್ಕ. ನಿವೃತ್ತರಾದ ಕಾರ್ಮಿಕರಿಗೆ ಮಾರಿದ್ದೂ ಅವೇ ಮನೆಗಳನ್ನು. ಮೇಲಿನ ಗುಡ್ಡ ಕಂಪನಿಯದಾಗಿಯೇ ಉಳಿಯಿತು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ರಾಜ್ಯದ ಆರು ಕೌಂಟಿಗಳಲ್ಲಿ ಖಾಸಗಿ ಭೂಮಿಯ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಕೇವಲ ಹತ್ತು ದೊಡ್ಡ ಭೂಮಾಲೀಕರ ಹೆಸರಿನಲ್ಲಿತ್ತು. ಮ್ಯಾಕ್‌ಡವೆಲ್ ಆ ಆರರಲ್ಲಿ ಒಂದು. ಮಾರಿದರೆ ಬೇರೆ ಊರಿನಲ್ಲಿ ಒಂದು ಕೋಣೆಯೂ ಬಾರದ ಮನೆ, ಹೋಗಲು ಜಾಗವಿಲ್ಲದ ಗುಡ್ಡ, ಪಕ್ಕದಲ್ಲೇ ಇರುವ ಅಕ್ಕತಂಗಿಯರು: ಉಳಿದವರು ಉಳಿದಿರುವುದು ಈ ಲೆಕ್ಕದ ಮೇಲೆ.

ರಾಜಕೀಯದಲ್ಲಿ ಕೌಂಟಿ ತಿರುಗಿದ ವೇಗವನ್ನು ಕುರಿತು ಸಾಕಷ್ಟು ಬರೆಯಲಾಗಿದೆ. 2008ರಲ್ಲಿ ಒಬಾಮಾ ಇಲ್ಲಿ ಗೆದ್ದರು, 2016ರಲ್ಲಿ ಟ್ರಂಪ್ ನಾಲ್ಕರಲ್ಲಿ ಮೂರು ಪಾಲಿನಷ್ಟು ಮತ ಪಡೆದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 2025ರ ಜುಲೈ 4ರಂದು ಸಹಿಯಾದ ಕಾನೂನು. ಸ್ನ್ಯಾಪ್ ನೆರವಿಗೆ ಕೆಲಸದ ಷರತ್ತನ್ನು ಅದು 64ನೆಯ ವಯಸ್ಸಿನವರೆಗೆ ವಿಸ್ತರಿಸಿದೆ. ಈವರೆಗೆ ಕೇಂದ್ರವೇ ಪೂರ್ತಿ ಭರಿಸುತ್ತಿದ್ದ ಆಹಾರ ನೆರವಿನ ವೆಚ್ಚದಲ್ಲಿ ಒಂದು ಪಾಲನ್ನು, ವಿತರಣೆಯ ಲೋಪದ ಪ್ರಮಾಣ ನೋಡಿಕೊಂಡು, 2027ರ ಅಕ್ಟೋಬರಿನಿಂದ ರಾಜ್ಯಗಳ ಮೇಲೆ ಹೊರಿಸಲಿದೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ನ ವೆಚ್ಚವನ್ನೂ ಕಡಿತಗೊಳಿಸುತ್ತದೆ. ಕೆಲಸ ಮಾಡಬೇಕೆಂಬ ಷರತ್ತು ಕೆಲಸ ಇರುವಲ್ಲಿ ಒಂದು ಅರ್ಥ ಕೊಡುತ್ತದೆ, ಅದಿಲ್ಲದಲ್ಲಿ ಇನ್ನೊಂದು. ಮೊದಲ ಕೂಪನು ಪಡೆದ ಕೌಂಟಿಯಲ್ಲಿ ಗಂಡಸಿನ ಸರಾಸರಿ ಆಯುಷ್ಯದ ಆಸುಪಾಸಿನವರೆಗೂ ಈ ಷರತ್ತು ಅನ್ವಯವಾಗಲಿದೆ.

ಕಲ್ಲಿದ್ದಲು ಇನ್ನೂ ಇದೆ, ಅದನ್ನು ಇನ್ನೂ ತೆಗೆಯಲಾಗುತ್ತಿದೆ. ವಿದ್ಯುತ್ತಿಗೆ ಸುಡುವ ಕಲ್ಲಿದ್ದಲಿನ ಮಾರುಕಟ್ಟೆ ಕುಗ್ಗಿದರೂ, ಉಕ್ಕಿನ ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿಗೆ ಬೇಡಿಕೆ ಇದೆ. ಮ್ಯಾಕ್‌ಡವೆಲ್ ಸೀಮೆಯದು ಈ ಬಗೆಯದು. ರೈಲು ಅದನ್ನು ನಾರ್ಫೋಕ್ ಬಂದರಿಗೆ ಒಯ್ಯುತ್ತದೆ, ಅಲ್ಲಿಂದ ಅದು ಸಮುದ್ರ ದಾಟುತ್ತದೆ. ಅಮೆರಿಕದ ಕಲ್ಲಿದ್ದಲಿನ ಅತಿ ದೊಡ್ಡ ಖರೀದಿದಾರರಲ್ಲಿ ಈಗ ಭಾರತವೂ ಒಂದು. ಒಳ್ಳೆಯ ಕೋಕಿಂಗ್ ಕಲ್ಲಿದ್ದಲು ನಮ್ಮಲ್ಲಿ ಸಾಲದ ಕಾರಣ ಇಲ್ಲಿನ ಕುಲುಮೆಗಳು ಆಮದನ್ನೇ ನೆಚ್ಚಿಕೊಂಡಿವೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ದೇಶದ ಬೃಹತ್ ಕಾರ್ಖಾನೆಗಳಲ್ಲೊಂದನ್ನು ನಡೆಸುವ ಜೆಎಸ್‌ಡಬ್ಲ್ಯೂ ಸ್ಟೀಲ್ 2010ರಲ್ಲಿ ವೆಸ್ಟ್ ವರ್ಜೀನಿಯಾದಲ್ಲೇ ಗಣಿಗಳನ್ನು ಕೊಂಡದ್ದು ಇದೇ ಕೊರತೆಯಿಂದ. ಸಂಡೂರಿನ ಅದಿರಿನ ಬೆಟ್ಟಗಳನ್ನು ಬಲ್ಲವರಿಗೆ ಆ ಸಂಬಂಧದ ಇನ್ನೊಂದು ತುದಿ ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಬೆಲೆ ಏರಿದ ವರ್ಷ ಮ್ಯಾಕ್‌ಡವೆಲ್‌ನಲ್ಲಿ ಕೆಲವು ನೂರು ಜನರಿಗೆ ಒಳ್ಳೆಯ ಸಂಬಳ ಸಿಗುತ್ತದೆ, ಇಳಿದ ವರ್ಷ ಇಲ್ಲ. ಹತ್ತಾರು ಸಾವಿರ ಜನರನ್ನು ಕರೆತಂದ ಕಾಲ ಮಾತ್ರ ಮರಳಲಾರದು, ಏಕೆಂದರೆ ಅಷ್ಟು ಜನ ಈಗ ಯಾವ ಗಣಿಗೂ ಬೇಕಾಗಿಲ್ಲ.

ಹಾಗಾದರೆ ಏನು ಮಾಡಲಾಗುತ್ತಿದೆ? ಶಿಕ್ಷಕರ ಸಂಘಟನೆಯೊಂದು 2011ರ ಕೊನೆಯಲ್ಲಿ ಇಲ್ಲಿನ ಶಾಲೆಗಳನ್ನು ಕೈಗೆತ್ತಿಕೊಂಡಾಗ ಮೊದಲು ಕಂಡದ್ದು, ಕೆಲಸಕ್ಕೆ ಬರುವ ಹೊಸ ಶಿಕ್ಷಕರಿಗೆ ವಾಸಯೋಗ್ಯವಾದ ಬಾಡಿಗೆ ಮನೆಯೇ ಇಲ್ಲ ಎಂಬುದನ್ನು. ಖಾಲಿ ಮನೆಗಳಿಂದ ತುಂಬಿದ ಕೌಂಟಿಯಲ್ಲಿ ಶಿಕ್ಷಕರಿಗಾಗಿ ವೆಲ್ಚ್ ಪೇಟೆಯ ನಡುವೆ ಹೊಸ ಅಪಾರ್ಟ್‌ಮೆಂಟು ಕಟ್ಟಬೇಕಾಯಿತು. ಇನ್ನೊಂದು ಪ್ರಯತ್ನ ಪ್ರವಾಸೋದ್ಯಮದ್ದು. ಹ್ಯಾಟ್‌ಫೀಲ್ಡ್-ಮೆಕಾಯ್ ಎಂಬ ಗುಡ್ಡದಾರಿಗಳ ಜಾಲದಲ್ಲಿ ನಾಲ್ಕು ಚಕ್ರದ ಎಟಿವಿ ಬಂಡಿಗಳನ್ನು ಓಡಿಸಲೆಂದು ದೂರದ ರಾಜ್ಯಗಳಿಂದ ಜನ ವಾರಾಂತ್ಯಕ್ಕೆ ಬರುತ್ತಾರೆ. ವಾರ್, ನಾರ್ತ್‌ಫೋರ್ಕ್, ವೆಲ್ಚ್ ಊರುಗಳ ಮುಖ್ಯಬೀದಿಯಲ್ಲೇ ಕೆಸರು ಮೆತ್ತಿದ ಈ ಬಂಡಿಗಳು ಪೆಟ್ರೋಲ್ ಬಂಕಿಗೂ ಹೋಟೆಲಿಗೂ ಬರುವುದನ್ನು ಕಾಣಬಹುದು. ಕೆಲವು ಹಳೆಯ ಮನೆಗಳು ದುರಸ್ತಿಯಾಗಿ ಪ್ರವಾಸಿಗರ ತಂಗುದಾಣಗಳಾಗಿವೆ. ಉದ್ಯೋಗಗಳು ಸಿಕ್ಕಿವೆ, ಹೆಚ್ಚಿನವು ಕಡಿಮೆ ಸಂಬಳದವು, ಋತುಮಾನಕ್ಕೆ ತಕ್ಕವು. ಆ ದಾರಿಗಳು ಹಾಯುವ ಗುಡ್ಡಗಳು ಬಹುಮಟ್ಟಿಗೆ ಇಂದಿಗೂ ಭೂ ಕಂಪನಿಗಳವೇ. ದಾರಿಯನ್ನು ನೋಡಿಕೊಳ್ಳುವ ಪ್ರಾಧಿಕಾರ ಅವುಗಳನ್ನು ಒಪ್ಪಂದದ ಮೇಲೆ ಬಳಸುತ್ತದೆ.